ಸಿನಗೋಗಾಳ ಕಣ್ಣುಪಟ್ಟಿ ಕೊನೆಗೂ ಕೂತಿತು

ಕೊನೆಗೂ ಕಲ್ಲು ಬಟ್ಟೆಯ ಹಾಗೆ ಕಾಣುತ್ತಿದೆ! ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನ ದೊಡ್ಡ ಚರ್ಚು, ಅಂದರೆ ಕ್ಯಾಥೆಡ್ರಲ್‌ನ ದಕ್ಷಿಣ ಬಾಗಿಲಿನಲ್ಲಿರುವ ಸಿನಗೋಗಾ ಅನ್ನುವ ಹೆಣ್ಣಿನ ಪ್ರತಿಮೆಯನ್ನು ಬಳಪದ ಕಲ್ಲಿನಲ್ಲಿ, ಒಂದೂವರೆ ಅಡಿ ಎತ್ತರಕ್ಕೆ ಕೆತ್ತುತ್ತಿದ್ದೇನೆ. ಒರಟು ಕೆತ್ತನೆ, ಉಡುಪಿನ ನಿರಿಗೆ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಮೂಲ ಪ್ರತಿಮೆ ಸುಮಾರು 1230ರದು. ಬಾಗಿಲಿನ ಒಂದು ಕಡೆ ಎಕ್ಲೇಸಿಯಾ, ಅಂದರೆ ಕ್ರೈಸ್ತ ಸಭೆ: ತಲೆಗೆ ಕಿರೀಟ, ಕೈಯಲ್ಲಿ ಶಿಲುಬೆ. ಇನ್ನೊಂದು ಕಡೆ ಯಹೂದಿ ಧರ್ಮವನ್ನು ಹೆಣ್ಣಾಗಿ ಕೆತ್ತಿದ ಸಿನಗೋಗಾ: ಮುರಿದ ಈಟಿ, ಕೈ ಜಾರುತ್ತಿರುವ ಮೋಶೆಯ ಧರ್ಮಶಾಸ್ತ್ರದ ಹಲಗೆ, ಕಣ್ಣಿಗೆ ಪಟ್ಟಿ. ಯೇಸುವನ್ನು ಕಾಣದ ಕುರುಡರು ಇವರು ಅಂತ ಅರ್ಥ.

ಆ ಪಟ್ಟಿ ಎಷ್ಟು ತೆಳು ಅಂದರೆ ಕಣ್ಣಿನ ಉಬ್ಬು ಅದರಡಿ ಕಾಣುತ್ತದೆ. ನನ್ನ ಕಲ್ಲಿನಲ್ಲಿ ಅದು ಗಾಯಕ್ಕೆ ಸುತ್ತಿದ ಬ್ಯಾಂಡೇಜಿನ ಹಾಗೇ ಬರುತ್ತಿತ್ತು. ಸಾಲದ್ದಕ್ಕೆ, 'ಎಳೆ ಇಲ್ಲದ ಕಲ್ಲು' ಅಂತ ಅಂಗಡಿಯವರು ಜಾಸ್ತಿ ದುಡ್ಡು ತಗೊಂಡು ಕೊಟ್ಟ ತುಂಡಿನಲ್ಲಿ ಹುಬ್ಬಿನ ನೇರಕ್ಕೇ ಬಿಳಿ ಎಳೆ!

ಗುಟ್ಟು ಕ್ರಮದಲ್ಲಿದೆ. ಪಟ್ಟಿಯೇ ಇಲ್ಲ ಅನ್ನುವ ಹಾಗೆ ಮೊದಲು ಹುಬ್ಬು, ರೆಪ್ಪೆ, ಕಣ್ಣುಗುಡ್ಡೆ ಪೂರ್ತಿ ಕೆತ್ತಬೇಕು. ಆಮೇಲೆ ರೆಪ್ಪೆಯ ಗೆರೆಯನ್ನು ಸಣ್ಣ ಅರದಿಂದ ಮಂಕು ಮಾಡಬೇಕು. ಪಟ್ಟಿಯ ಮೇಲಂಚನ್ನು ಮಾತ್ರ ಚೂಪಾಗಿ ಗೀರಿ, ಕೆಳಂಚನ್ನು ಕೆನ್ನೆಯೊಳಗೆ ಕರಗಿಸಬೇಕು. ಕಿವಿಯ ಹತ್ತಿರ, ಗಂಟು ಎಳೆಯುವ ಕಡೆ, ಎರಡೇ ಮಡಿಕೆ ಸಾಕು. ನೀರು ಹಾಕಿ 800ರ ಮರಳು ಕಾಗದದಲ್ಲಿ ಉಜ್ಜಿ, ದೀಪವನ್ನು ಪಕ್ಕದಿಂದ ಬಿಟ್ಟು ನೋಡಿ.

ಹಾಗೆ ನೋಡಿದಾಗ ಸಂಕಟವಾಯಿತು. ಎಷ್ಟು ಚೆಂದದ ಮುಖ, ಅಲ್ವಾ? ಆ ಶಿಲ್ಪಿ ಅವಳನ್ನು ವಿಕಾರ ಮಾಡಲಿಲ್ಲ. ಇಷ್ಟು ಮೃದುವಾಗಿ ಕೆತ್ತಿಯೇ ಸೋತವಳು ಅಂದ. ಓದು ಬಾರದವರೂ ಆ ಬಾಗಿಲು ದಾಟುವಾಗ ಅದನ್ನು ನೋಡಿ ಕಲಿತರು. 1349ರ ಫೆಬ್ರವರಿ 14ರಂದು, ಪ್ಲೇಗ್ ಹರಡಲು ಬಾವಿಗೆ ವಿಷ ಹಾಕಿದರು ಅನ್ನುವ ಸುಳ್ಳು ಹೊರಿಸಿ, ಇದೇ ಊರಿನ ನೂರಾರು ಯಹೂದಿಗಳನ್ನು ಸುಟ್ಟರು. ಪ್ಲೇಗ್ ಇನ್ನೂ ಊರಿಗೆ ಕಾಲಿಟ್ಟಿರಲಿಲ್ಲ. ಯಹೂದಿಗಳೂ ಪ್ಲೇಗಿಗೆ ಸಾಯುತ್ತಿದ್ದಾರೆ, ಈ ಆರೋಪ ಸುಳ್ಳು ಅಂತ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಸಾರಿದ್ದ. ಸತ್ತವರಿಗೆ ಕೊಡಬೇಕಿದ್ದ ಸಾಲ ಮನ್ನಾ ಆಯಿತು, ಅವರ ದುಡ್ಡನ್ನು ಹಂಚಿಕೊಂಡರು. ಶಿಲ್ಪವೇ ಕೊಲ್ಲಿಸಿತು ಅನ್ನಲಾರೆ. ಸಾಲ, ಭಯ, ಊರಿನ ಅಧಿಕಾರದ ಜಗಳ ಎಲ್ಲ ಸೇರಿತ್ತು. ಆದರೆ 'ಇವರು ನಮಗಿಂತ ಕೀಳು' ಅನ್ನುವ ಪಾಠ ಅಷ್ಟರಲ್ಲಿ ನೂರು ವರ್ಷ ಬಾಗಿಲಲ್ಲೇ ನಿಂತಿತ್ತು. ಆಮೇಲೂ, ಅದೇ ಕ್ಯಾಥೆಡ್ರಲ್ ಮೇಲಿಂದ ರಾತ್ರಿ ಕೊಂಬು ಊದಿದರೆ ಯಹೂದಿಗಳು ಊರು ಬಿಡಬೇಕಿತ್ತು. ಫ್ರೆಂಚ್ ಕ್ರಾಂತಿಯ ಕಾಲದವರೆಗೂ ಇದು ನಡೆಯಿತು.

ಅದಕ್ಕೇ ಮುಂದಿನ ಕೆಲಸ ಈಗಲೇ ಗೊತ್ತು ಮಾಡಿಕೊಂಡಿದ್ದೇನೆ. ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದಲ್ಲಿ ಜೋಶುವಾ ಕಾಫ್‌ಮನ್ ಮಾಡಿದ, ಇದೇ ಎಕ್ಲೇಸಿಯಾ ಮತ್ತು ಸಿನಗೋಗಾಳ ಜೋಡಿ ಪ್ರತಿಮೆಯಿದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಬಂದು ಆಶೀರ್ವದಿಸಿದರು. ಅದರಲ್ಲಿ ಇಬ್ಬರಿಗೂ ಕಿರೀಟವಿದೆ, ಕಣ್ಣುಪಟ್ಟಿ ಇಲ್ಲ. ಅಕ್ಕಪಕ್ಕ ಕೂತು ಒಬ್ಬರ ಗ್ರಂಥವನ್ನು ಇನ್ನೊಬ್ಬರು ನೋಡುತ್ತಿದ್ದಾರೆ.

ಅದಕ್ಕೂ ಮೊದಲು ಈಟಿ ಮುಗಿಸಬೇಕು. ಬಳಪದ ಕಲ್ಲಿನಲ್ಲಿ ಅಷ್ಟು ಸಣ್ಣ ಕೋಲು ನಿಲ್ಲುವುದಿಲ್ಲ, ಹಿತ್ತಾಳೆ ಸರಳು ಹಾಕುತ್ತೇನೆ. ಎಳೆ ಇಲ್ಲದ ಎರಡಡಿ ಕಲ್ಲು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.