ಲೇಬಲ್ ಕೆರೆದ ಡಬ್ಬಿ

ಆಗಸ್ಟ್ ತಿಂಗಳ ಒಂದು ರಾತ್ರಿ ಪಾಳಿಯಲ್ಲಿ, ಬೆಳಗಿನ ಜಾವ ಮೂರರ ಹೊತ್ತಿಗೆ, ವಾಂತಿಭೇದಿಯಿಂದ ಬಳಲಿ ಬಂದಿದ್ದ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರಿಗೆ ನಾನು ಸಲೈನ್ ಹಾಕುತ್ತಿದ್ದೆ. ಉತ್ತರ ಕರ್ನಾಟಕದ ಆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನನಗದು ಒಂಬತ್ತನೆಯ ವರ್ಷ. ಸೂಜಿ ಚುಚ್ಚುವ ಮೊದಲೇ ಅವರು ಚೀಲದಿಂದ ತಮ್ಮ ಎ.ಆರ್.ಟಿ. ಪುಸ್ತಕ, ಅಂದರೆ ಎಚ್.ಐ.ವಿ. ಚಿಕಿತ್ಸೆಯ ದಾಖಲೆ, ತೆಗೆದು ತೋರಿಸಿದ್ದರು, ಯಾರೂ ಕೇಳಿರಲಿಲ್ಲ. ಕ್ಯಾನುಲಾ ಎಂಬ ಸಣ್ಣ ಕೊಳವೆ ರಕ್ತನಾಳದೊಳಗೆ ಹೋಗಿ, ನಾನು ಸೂಜಿಯನ್ನು ಹೊರಗೆಳೆದುಕೊಂಡ ಕ್ಷಣದಲ್ಲಿ ಅವರಿಗೆ ಮತ್ತೆ ವಾಂತಿ ಒತ್ತರಿಸಿ ಬಂದು ತೋಳು ಜಗ್ಗಿತು. ಸೂಜಿ ಕೈಗವಸನ್ನು ದಾಟಿ ನನ್ನ ಎಡಗೈ ತೋರುಬೆರಳಿಗೆ ಹೊಕ್ಕಿತು. ಸೂಜಿ ಹಾಕುವ ಡಬ್ಬ ಆಚೆಯ ಮೇಜಿನ ಮೇಲಿತ್ತು. ಅದನ್ನು ಹತ್ತಿರ ಎಳೆದುಕೊಳ್ಳದೆ ಕೆಲಸಕ್ಕೆ ಕೈಹಾಕಿದವಳು ನಾನೇ.

ಬೆರಳನ್ನು ಹಿಂಡಬಾರದು, ಬಾಯಿಗಿಡಬಾರದು, ಸ್ಪಿರಿಟ್ ಸುರಿಯಬಾರದು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು ಎಂದು ಹೊಸದಾಗಿ ಬಂದ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ನಲ್ಲಿಯ ಕಡೆ ನಡೆಯುವಾಗ ಬಲಗೈ ತಾನಾಗಿಯೇ ಆ ಬೆರಳನ್ನು ಹಿಂಡಲು ಹೊರಟಿದ್ದನ್ನು ಕಂಡು ನನಗೇ ದಿಗಿಲಾಯಿತು.

ಕರ್ತವ್ಯದಲ್ಲಿದ್ದ ವೈದ್ಯರು ಹೆಚ್ಚು ಮಾತಾಡಲಿಲ್ಲ. ಸೋಂಕು ತಗುಲದಂತೆ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಲೇಬೇಕು, ಒಂದೆರಡು ಗಂಟೆಯಲ್ಲೇ ಆದರೆ ಇನ್ನೂ ಒಳ್ಳೆಯದು ಎಂದು ತುರ್ತು ಚಿಕಿತ್ಸಾ ಕೊಠಡಿಯಿಂದ ಡಬ್ಬಿ ತರಿಸಿ, ಮೊದಲ ಗುಳಿಗೆಯನ್ನು ತಮ್ಮೆದುರೇ ನುಂಗಿಸಿದರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಗುಳಿಗೆ. ದಿನಕ್ಕೊಂದರಂತೆ 28 ದಿನ. ಸೋಂಕಿರುವವರು ಜೀವಮಾನವಿಡೀ ನುಂಗುವುದೂ ಸಾಮಾನ್ಯವಾಗಿ ಇದನ್ನೇ. ಸೋಂಕಿತ ರಕ್ತದ ಸೂಜಿ ಚುಚ್ಚಿದ ಸಾವಿರ ಮಂದಿಯಲ್ಲಿ, ಔಷಧಿಯಿಲ್ಲದೆಯೂ, ಸುಮಾರು ಮೂವರಿಗಷ್ಟೇ ಎಚ್.ಐ.ವಿ. ಅಂಟುತ್ತದೆ ಎಂಬುದು ನನಗೆ ಗೊತ್ತಿತ್ತು. ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟುತ್ತದೆ, ಅದರ ಲಸಿಕೆ ನನಗಾಗಿತ್ತು ಎಂಬುದೂ ಗೊತ್ತಿತ್ತು. ಗೊತ್ತಿದ್ದದ್ದರಿಂದ ಕೈನಡುಕವೇನೂ ನಿಲ್ಲಲಿಲ್ಲ. ಬೆಳಗ್ಗೆ ನನ್ನ ರಕ್ತಪರೀಕ್ಷೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ಅದೇ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಿಸಿಕೊಂಡವರ ಮುಖಗಳು ಒಂದೊಂದಾಗಿ ನೆನಪಾದವು.

ವಾರ್ಡಿಗೆ ಮರಳಿದಾಗ ಆ ಹೆಂಗಸು ನನ್ನ ಮುಖ ನೋಡಿಯೇ ತಿಳಿದುಕೊಂಡಿದ್ದರು. "ಹೆದರಬ್ಯಾಡ್ರಿ ಬಾಯಾರ, ನನ್ನ ರಕ್ತದಾಗ ಈಗ ಹುಳ ಕಾಣಂಗಿಲ್ಲಂತ ಡಾಕ್ಟರ್ ಹೇಳ್ಯಾರ್ರಿ" ಎಂದರು. ಅವರ ಪುಸ್ತಕದಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗಿಲ್ಲ ಎಂದೇ ಬರೆದಿತ್ತು. ಆದರೆ ಅದು ಹಲವು ತಿಂಗಳ ಹಿಂದಿನ ವರದಿಯಾದ್ದರಿಂದ ವೈದ್ಯರು ನನ್ನ ಔಷಧಿ ನಿಲ್ಲಿಸಲು ಒಪ್ಪಿರಲಿಲ್ಲ. ಲಾರಿ ಚಾಲಕರಾಗಿದ್ದ ಪತಿ ಕ್ಷಯದಿಂದ ತೀರಿಕೊಳ್ಳುವ ಹೊತ್ತಿಗೆ ಮಾಡಿದ ಪರೀಕ್ಷೆಯಲ್ಲೇ ಇವರದೂ ಹೊರಬಿದ್ದಿತ್ತಂತೆ. ಸರ್ಕಾರ ಉಚಿತ ಎ.ಆರ್.ಟಿ. ಕೊಡಲಾರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಇವರು ಸೇರಿದ್ದು ಅದಾದ ಎರಡು ಮೂರು ವರ್ಷಕ್ಕೆ. ಆಗ ರೋಗದ ವಿರುದ್ಧ ಹೋರಾಡುವ ಸಿ.ಡಿ.4 ರಕ್ತಕಣಗಳು 200ಕ್ಕಿಂತ ಕೆಳಗಿಳಿದರೆ ಮಾತ್ರ ಸಾಮಾನ್ಯವಾಗಿ ಗುಳಿಗೆ ಸಿಗುತ್ತಿತ್ತು, ಅದೂ ದಿನಕ್ಕೆರಡು ಹೊತ್ತು. ಸಿ.ಡಿ.4 ಎಷ್ಟೇ ಇರಲಿ, ಸೋಂಕು ಖಚಿತವಾದೊಡನೆ ಚಿಕಿತ್ಸೆ ಶುರು ಮಾಡುವ ನಿಯಮ ಬಂದದ್ದು 2017ರಲ್ಲಿ. "ಮೊದಲಿಗೆ ನಿಮಗೇನಾದರೂ ಲಕ್ಷಣ ಕಂಡಿತ್ತೇ?" ಎಂದು ಕೇಳಿದೆ. "ಮೈಯಾಗ ಏನೂ ಇರಲಿಲ್ರಿ. ಕಬ್ಬಿನ ಕೆಲಸಕ್ಕ ಹೋಗ್ತಿದ್ನಿ" ಎಂದರು.

ಮನೆಯಲ್ಲಿ ಪತಿಗೆ ಎಲ್ಲವನ್ನೂ ಹೇಳಿದೆ, ಪರೀಕ್ಷೆಗಳು ಮುಗಿಯುವ ತನಕ ಕಾಂಡೋಮ್ ಬೇಕೆಂಬುದನ್ನೂ ಸೇರಿಸಿ. ಅತ್ತೆಗೆ ಹೇಳಲಿಲ್ಲ. ಹಿಂದೊಮ್ಮೆ, ಗುಳಿಗೆಗಳನ್ನು ಡಬ್ಬಿಯಿಂದ ತೆಗೆದು ಹಾಳೆಯಲ್ಲಿ ಸುತ್ತಿಟ್ಟುಕೊಂಡಿದ್ದ ಒಬ್ಬ ರೋಗಿಯನ್ನು, ತೇವ ತಗುಲಿ ಕೆಡುತ್ತವೆ ಎಂದು ನಾನು ಗದರಿಸಿದ್ದೆ. ಆ ಸಂಜೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಡಬ್ಬಿಯ ಲೇಬಲನ್ನು ನಾನೇ ಉಗುರಿನಿಂದ ಕೆರೆದು ತೆಗೆದೆ. ಅಲುಗಾಡಿದರೆ ಸದ್ದಾಗುತ್ತದೆಂದು ಒಳಗೆ ಹತ್ತಿ ತುರುಕಿದೆ. ಅಂಟು ಮಾತ್ರ ಪೂರ್ತಿ ಹೋಗಲಿಲ್ಲ. ಮುಟ್ಟಿದಾಗಲೆಲ್ಲ ಬೆರಳಿಗೆ ಹತ್ತುತ್ತಿತ್ತು.

ಹತ್ತೊಂಬತ್ತನೆಯ ದಿನ ಜ್ವರ ಬಂತು, ಗಂಟಲು ನೋವು, ಮೈಕೈ ನೋವು. ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಹಲವರಿಗೆ ಕಾಣಿಸಿಕೊಳ್ಳುವುದು ಇವೇ: ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ದದ್ದು, ಕುತ್ತಿಗೆ ಕಂಕುಳಲ್ಲಿ ಗಡ್ಡೆ. ಕನ್ನಡಿಯೆದುರು ನಿಂತು ಕುತ್ತಿಗೆಯನ್ನು ಎಷ್ಟು ಒತ್ತಿ ನೋಡಿಕೊಂಡೆನೆಂದರೆ ಮರುದಿನ ಅಲ್ಲಿ ನಿಜವಾಗಿಯೂ ನೋಯುತ್ತಿತ್ತು. ವೈದ್ಯರು ಜ್ವರದ ರೋಗಿಗಳಿಂದ ತುಂಬಿದ್ದ ವಾರ್ಡನ್ನು ತೋರಿಸಿ, "ಇವರಲ್ಲಿ ಯಾರದು ಯಾವ ಜ್ವರ ಎಂದು ಮುಖ ನೋಡಿ ಹೇಳುತ್ತೀಯಾ, ಸಿಸ್ಟರ್?" ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಈ ಲಕ್ಷಣಗಳು ಯಾವ ಫ್ಲೂನಲ್ಲಾದರೂ ಬರುತ್ತವೆ; ಎಚ್.ಐ.ವಿ.ಯದ್ದಾದರೂ ತಾವಾಗಿಯೇ ಮಾಯವಾಗಿ, ಆಮೇಲೆ ವರ್ಷಗಟ್ಟಲೆ ಏನೂ ಕಾಣುವುದಿಲ್ಲ. ಬೆರಳಿನ ರಕ್ತದಿಂದ ಮಾಡುವ ಪರೀಕ್ಷೆ ಹುಡುಕುವುದು ಮುಖ್ಯವಾಗಿ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅವು ಕಾಣಿಸಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಆದ್ದರಿಂದ ಜ್ವರ ಬಂದ ದಿನದ ನೆಗೆಟಿವ್ ವರದಿಯನ್ನೂ ನಂಬುವಂತಿರಲಿಲ್ಲ. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು.

ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು. ಮೂರೂ ಪರೀಕ್ಷೆಗಳು ನೆಗೆಟಿವ್ ಬಂದವು. ನಡುವೆ ಒಂದು ಸಲ ಆ ಹೆಂಗಸು ಗುಳಿಗೆ ಒಯ್ಯಲು ಬಂದವರು ನನ್ನನ್ನು ಹುಡುಕಿಕೊಂಡು ವಾರ್ಡಿನ ಬಾಗಿಲಿಗೆ ಬಂದರು. "ನಿಮ್ಮ ಗುಳಿಗಿ ಮುಗಿದುವೇನ್ರಿ?" ಎಂದು ಕೇಳಿದರು. ಮುಗಿದವು ಎಂದೆ. "ಛಲೋ ಆತು" ಎಂದು ತಮ್ಮ ಡಬ್ಬಿಗಳನ್ನು ಸೆರಗಿನ ಮರೆಯಲ್ಲಿ ಚೀಲಕ್ಕೆ ಸೇರಿಸಿಕೊಂಡರು. ಮೂರರ ಮೇಲೂ ಲೇಬಲ್ ಇರಲಿಲ್ಲ. ನಾನು ಏನೂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟರು.