ಹೊರಗಿನ ವಿದ್ಯುತ್ತಿಗೆ ಸಾಕೆಟ್ ಬೇಕೆ?

ಸ್ವಂತವಾಗಿ ಕಟ್ಟಿಕೊಳ್ಳುವ ಪುಟ್ಟ ವಿಮಾನಕ್ಕೆ, ನೆಲದ ಮೇಲೆ ನಿಂತಿರುವಾಗ ಹೊರಗಿನಿಂದ ವಿದ್ಯುತ್ ಕೊಡಲು ಸಾಕೆಟ್ ಹಾಕಬೇಕೆ? ಹೀಗೆ ಕೇಳುವವರ ಕಣ್ಣ ಮುಂದೆ ಇರುವುದು ಸಾಮಾನ್ಯವಾಗಿ ಒಂದೇ ಚಿತ್ರ: ಬ್ಯಾಟರಿ ಪೂರ್ತಿ ಇಳಿದಿದೆ, ಯಾರೋ ಕೇಬಲ್ ತಂದು ಚುಚ್ಚುತ್ತಾರೆ, ಎಂಜಿನ್ ಚಾಲೂ ಆಗುತ್ತದೆ, ಹಾರಿ ಹೋಗುತ್ತೇವೆ. ಸಾಕೆಟ್ ಹಾಕಿ ಎಂದೇ ಹೇಳುತ್ತೇನೆ, ಆದರೆ ಈ ಕಾರಣಕ್ಕೆ ಬೇಡ.

ಬರಿದಾದ ಬ್ಯಾಟರಿಯನ್ನು ಹೊತ್ತು ಮೇಲೇರಿದರೆ ಎಂಜಿನ್ ತಿರುಗಿಸಿ ವಿದ್ಯುತ್ ಮಾಡುವ ಆಲ್ಟರ್ನೇಟರ್ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಸುರಿಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಆಲ್ಟರ್ನೇಟರ್ ಕೈಕೊಟ್ಟರೆ ಆಸರೆಗೆ ಏನೂ ಇಲ್ಲ. ಇಂಧನ ಪಂಪ್, ಇಗ್ನಿಷನ್ ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವ ಎಂಜಿನ್ ಆಗಿದ್ದರೆ ಅದೂ ನಿಲ್ಲುತ್ತದೆ. ಲಿಥಿಯಂ ಬ್ಯಾಟರಿ ತೀರಾ ಇಳಿದಿದ್ದರೆ ಅದಕ್ಕೆ ಒಮ್ಮೆಲೇ ಭಾರಿ ಕರೆಂಟ್ ತುಂಬುವುದು ಅಪಾಯ. ಮೊದಲು ಚಾರ್ಜ್ ಮಾಡಿ, ಆಮೇಲೆ ಹಾರಿ.

ಸಾಕೆಟ್ಟಿನ ನಿಜವಾದ ಉಪಯೋಗ ಬೇರೆ ಕಡೆ ಇದೆ. ಪ್ಯಾನೆಲ್‌ನ ಪರದೆಗಳನ್ನು ಗಂಟೆಗಟ್ಟಲೆ ಉರಿಸಿಕೊಂಡು ಆಟೋಪೈಲಟ್ ಹೊಂದಿಸುವಾಗ, ತಂತ್ರಾಂಶ ಬದಲಿಸುವಾಗ ಅದು ಬೇಕು. ಬ್ಯಾಟರಿ ಕೈಗೆಟುಕದ ಮೂಲೆಯಲ್ಲಿದ್ದರಂತೂ ಇನ್ನಷ್ಟು ಬೇಕು. ಇಷ್ಟಕ್ಕೇ ಆದರೆ ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿದ ತೆಳುವಾದ ತಂತಿ, ಒಂದು ಚಿಕ್ಕ ಕನೆಕ್ಟರ್ ಸಾಕು. ಬಹಳಷ್ಟು ಜನರಿಗೆ ನಾನು ಕೊಡುವ ಉತ್ತರ ಇಲ್ಲಿಗೇ ಮುಗಿಯುತ್ತದೆ, ಅವರಿಗೆ ಕೊಂಚ ನಿರಾಸೆಯೂ ಆಗುತ್ತದೆ.

ಕೊರೆಯುವ ಚಳಿಯಲ್ಲಿ ಎಂಜಿನ್ ಚಾಲೂ ಮಾಡಲು ನೆರವು ಬೇಕೆನ್ನುವವರಿಗೆ ಮಾತ್ರ ದೊಡ್ಡ ಸಾಕೆಟ್. ಮೂರು ಪಿನ್ನುಗಳ ಸಾಕೆಟ್ಟಿನ ಜಾಣ್ಮೆ ನನಗೆ ಬಹಳ ಇಷ್ಟ. ಎರಡು ದಪ್ಪ ಪಿನ್ನುಗಳು ಕರೆಂಟ್ ಹೊರುತ್ತವೆ. ಮೂರನೆಯದು ಸಣ್ಣದು, ಗಿಡ್ಡದು. ಪ್ಲಗ್ ಚುಚ್ಚುವಾಗ ಅದು ಕೊನೆಗೆ ತಗಲುತ್ತದೆ, ಎಳೆಯುವಾಗ ಮೊದಲು ಬಿಡುತ್ತದೆ. ಒಳಗೆ, ಸುರುಳಿಗೆ ವಿದ್ಯುತ್ ಬಂದಾಗ ಮುಚ್ಚಿಕೊಂಡು ಭಾರಿ ಕರೆಂಟ್ ಹರಿಯಬಿಡುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಸುರುಳಿಗೆ ವಿದ್ಯುತ್ ಹೋಗುವುದು ಅದರ ಮೂಲಕವೇ. ಹಾಗಾಗಿ ದಪ್ಪ ಪಿನ್ನುಗಳು ಬೇರ್ಪಡುವ ಮುನ್ನವೇ ಕರೆಂಟ್ ಕಡಿದಿರುತ್ತದೆ, ಪ್ಲಗ್ ಹಿಡಿದವನ ಕೈಯಲ್ಲಿ ಕಿಡಿ ಹಾರುವುದಿಲ್ಲ. ಆ ಸುರುಳಿಯ ದಾರಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇಟ್ಟರೆ, ಪ್ಲಸ್ಸು ಮೈನಸ್ಸು ಅದಲುಬದಲಾಗಿ ಬಂದಾಗ ಕಾಂಟ್ಯಾಕ್ಟರ್ ಮುಚ್ಚಿಕೊಳ್ಳುವುದೇ ಇಲ್ಲ. ಇಡೀ ಜೋಡಣೆಯಲ್ಲಿ ಅತಿ ಅಗ್ಗದ ಈ ಡಯೋಡ್ ಅನ್ನು ಬಿಟ್ಟಿರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಡಯೋಡ್ ತಡೆಯದ ಅಪಾಯ ಇನ್ನೊಂದಿದೆ. ನೆಲದ ಮೇಲೆ ವಿಮಾನಕ್ಕೆ ವಿದ್ಯುತ್ ಕೊಡುವ 28 ವೋಲ್ಟಿನ ಗಾಡಿಯ ಪ್ಲಗ್ಗೂ 14 ವೋಲ್ಟಿನ ವಿಮಾನದ ಇದೇ ಸಾಕೆಟ್ಟಿಗೆ ಸಲೀಸಾಗಿ ಕೂರುತ್ತದೆ. ಹೆಚ್ಚಿನ ವೋಲ್ಟೇಜ್ ಬಂದರೆ ಕಾಂಟ್ಯಾಕ್ಟರ್ ಬಿಡಿಸುವ ಸರ್ಕ್ಯೂಟ್ ಇರಲಿ, ಸಾಕೆಟ್ಟಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ವೋಲ್ಟೇಜ್ ಬರೆದಿರಲಿ.

ಕಾಂಟ್ಯಾಕ್ಟರ್ ಕೊಳ್ಳುವಾಗ ಸ್ಟಾರ್ಟರ್‌ಗೆ ಬಳಸುವುದನ್ನು ತರಬೇಡಿ. ಅದು ಕೆಲವು ಕ್ಷಣಗಳ ಕೆಲಸಕ್ಕೆ ಮಾಡಿದ್ದು, ಹೊತ್ತುಗಟ್ಟಲೆ ಮುಚ್ಚಿಟ್ಟರೆ ಸುರುಳಿ ಸುಡುತ್ತದೆ. ಸತತ ಬಳಕೆಯದೇ ಬೇಕು. ಫೈಬರ್ ಗಾಜಿನ ವಿಮಾನದ ಮೈ ವಿದ್ಯುತ್ ಒಯ್ಯುವುದಿಲ್ಲ, ಅಲ್ಲಿ ಮೈನಸ್ಸಿಗೂ ದಪ್ಪ ಕೇಬಲ್ ಎಳೆಯಬೇಕು.

ಇನ್ನು ಜಾಗ. ಕೇಬಲ್ ಉಳಿಯುತ್ತದೆಂದು ಮೂತಿಯ ಬಳಿ ಸಾಕೆಟ್ ಇಡುವವರಿದ್ದಾರೆ. ಎಂಜಿನ್ ಓಡುತ್ತಿರುವಾಗಲೇ ಒಬ್ಬರು ತಿರುಗುವ ಪ್ರೊಪೆಲ್ಲರಿನ ಬಳಿ ಬಂದು ಪ್ಲಗ್ ಕೀಳಬೇಕೆಂಬುದನ್ನು ಅವರು ಯೋಚಿಸಿರುವುದಿಲ್ಲ. ರೆಕ್ಕೆಯ ಹಿಂದಿಡಿ, ಹಿಂದಿನಿಂದಲೇ ಬಂದು ಹಿಂದಕ್ಕೇ ಹೋಗುವಂತಿರಲಿ. ಪ್ಲಗ್ ತೆಗೆದ ಮೇಲೆ ಕಾಂಟ್ಯಾಕ್ಟರ್ ಬಿಟ್ಟಿದೆಯೇ ಎಂದು ತಿಳಿಸುವ ಒಂದು ದೀಪವನ್ನೂ ಪ್ಯಾನೆಲ್‌ನಲ್ಲಿ ಹಾಕಿಕೊಳ್ಳಿ. ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡಿದ್ದರೆ ಹೊರಗಿನ ದಪ್ಪ ಪಿನ್ನಿನಲ್ಲಿ ನಿಮ್ಮದೇ ಬ್ಯಾಟರಿಯ ವಿದ್ಯುತ್ ಉಳಿದಿರುತ್ತದೆ.