ಸೆಕೆಂಡ್ ಹ್ಯಾಂಡ್ ಮಾಡೆಲ್ ರೈಲು: ನಾಬ್ ತಿರುಗಿಸುವ ಮೊದಲು

ಹಳೆಯ ಮಾಡೆಲ್ ರೈಲು ಕೈಗೆ ಬಂದ ಕೂಡಲೇ ಹಳಿ ಜೋಡಿಸಿ, ಎಂಜಿನ್ ಇಟ್ಟು, ಕಂಟ್ರೋಲರಿನ ವೇಗದ ನಾಬನ್ನು ಕೊನೆಯವರೆಗೂ ತಿರುಗಿಸಿಬಿಡಬೇಡಿ. ಓಡದಿದ್ದರೆ ಮೋಟಾರು ಸುಟ್ಟಿದೆ ಎಂದು ತೀರ್ಮಾನಿಸುವುದೂ ಬೇಡ. ಬಹಳ ಕಾಲ ಪೆಟ್ಟಿಗೆಯಲ್ಲೇ ಇದ್ದ ಎಂಜಿನ್ನಿಗೆ ಸಾಮಾನ್ಯವಾಗಿ ಇರುವುದು ಎರಡೇ ರೋಗ. ಕರೆಂಟು ಹಳಿಯಿಂದ ಮೋಟಾರಿನವರೆಗೆ ತಲುಪುತ್ತಿಲ್ಲ, ಇಲ್ಲವೇ ಗೇರಿನ ಗ್ರೀಸು ಮೇಣದಂತೆ ಗಟ್ಟಿಯಾಗಿದೆ. ಹಾಗೆ ಸಿಕ್ಕಿಕೊಂಡ ಮೋಟಾರಿಗೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಆಗ ಅದು ನಿಜವಾಗಿಯೂ ಸುಡುತ್ತದೆ.

ಕೈಯಲ್ಲಿರುವುದು ಯಾವ ಜಾತಿಯ ರೈಲು ಎಂದು ಮೊದಲು ತಿಳಿಯಬೇಕು. ಎರಡು ಹಳಿಗಳ ಒಳ ಅಂಚುಗಳ ನಡುವೆ ಅಳೆಯಿರಿ. 16.5 ಮಿ.ಮೀ. ಇದ್ದರೆ ಎಚ್‌ಒ (1:87) ಅಥವಾ ಬ್ರಿಟಿಷ್ ಒಒ (1:76). ಆವರಣದಲ್ಲಿರುವ, ನಿಜವಾದ ರೈಲಿಗೆ ಹೋಲಿಸಿದ ಪ್ರಮಾಣ ಬೇರೆಯಾದರೂ ಇವೆರಡೂ ಒಂದೇ ಹಳಿಯ ಮೇಲೆ ಓಡುತ್ತವೆ. 9 ಮಿ.ಮೀ. ಆದರೆ ಎನ್, 32 ಮಿ.ಮೀ. ಆದರೆ ಒ. ಆಮೇಲೆ ಹಳಿಯ ನಡುಭಾಗ ನೋಡಿ. ಅಲ್ಲಿ ಮೂರನೇ ಹಳಿಯೋ ಸಣ್ಣ ಲೋಹದ ಗುಬುಟುಗಳ ಸಾಲೋ ಇದ್ದು, ಎಂಜಿನ್ನಿನ ಹೊಟ್ಟೆಯಡಿ ಉದ್ದನೆಯ ಲೋಹದ ಪಟ್ಟಿ ಇದ್ದರೆ ಅದು ಮಾರ್ಕ್ಲಿನ್ ಮಾದರಿಯ ಮೂರು ಹಳಿ ವ್ಯವಸ್ಥೆ. ಹಳೆಯವು ಎಸಿಯಲ್ಲಿ ಓಡುವಂಥವು. ಅವುಗಳ ಎಡಬಲ ಚಕ್ರಗಳ ನಡುವೆ ಇನ್ಸುಲೇಶನ್ ಇರುವುದಿಲ್ಲ, ಹಾಗಾಗಿ ಎರಡು ಹಳಿಯ ಡಿಸಿ ಸುತ್ತಿನ ಮೇಲೆ ಇಟ್ಟ ತಕ್ಷಣ ಶಾರ್ಟ್ ಆಗುತ್ತದೆ. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿದರೆ ಗೊತ್ತಾಗುತ್ತದೆ: ಬೀಪ್ ಬಂದರೆ ಎರಡು ಹಳಿಗೆ ಆಗದು. ಮುಂದೆ ಬರೆದಿರುವುದೆಲ್ಲ ಎರಡು ಹಳಿಯ 12 ವೋಲ್ಟ್ ಡಿಸಿ ರೈಲಿಗೆ.

ಸೆಟ್ಟಿನ ಜೊತೆ ಬಂದ ಹಳೆಯ ಕಂಟ್ರೋಲರನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಗೋಡೆಯ ಪ್ಲಗ್ಗಿಗೆ ಹೋಗುವ ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ, ಅಂಟಂಟಾಗಿದ್ದರೆ ರಿಪೇರಿಯ ಮಾತೇ ಬೇಡ, ಹೊಸದು ತನ್ನಿ. 12 ವೋಲ್ಟ್, 1 ಆಂಪಿಯರ್ ಸಾಕು. ಇನ್ನೊಂದು ಅಪಾಯವಿದೆ. ಎಷ್ಟೋ ಕಂಟ್ರೋಲರುಗಳಲ್ಲಿ ಎರಡು ಜೋಡಿ ಟರ್ಮಿನಲ್ ಇರುತ್ತವೆ; ಒಂದು ಹಳಿಗೆ ಹೋಗುವ ಡಿಸಿ, ಇನ್ನೊಂದು ದೀಪಗಳಿಗೂ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ತಿರುಗಿಸುವ ಮೋಟಾರುಗಳಿಗೂ 16 ವೋಲ್ಟಿನ ಎಸಿ. ಹಳಿಯ ವೈರನ್ನು ಎಸಿಗೆ ಸಿಕ್ಕಿಸಿದರೆ ಎಂಜಿನ್ ಜಾಗ ಬಿಟ್ಟು ಕದಲದೆ ಗುಂಯ್‌ಗುಡುತ್ತದೆ, ನೋಡುತ್ತಿದ್ದಂತೆ ಬಿಸಿಯೇರುತ್ತದೆ. ಆ ಸದ್ದು ಬಂದರೆ ಒಡನೆ ಸ್ವಿಚ್ ಆರಿಸಿ.

ಕಂಟ್ರೋಲರ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. 9 ವೋಲ್ಟಿನ ಚೌಕ ಬ್ಯಾಟರಿಗೆ ಎರಡು ವೈರ್ ಕಟ್ಟಿ, ಎಂಜಿನ್ನನ್ನು ಮಗುಚಿ ಮಲಗಿಸಿ ಎಡಬಲದ ಚಕ್ರಗಳಿಗೆ ಮುಟ್ಟಿಸಿ. ಆದರೆ ಅದಕ್ಕೂ ಮೊದಲು ಮೇಲಿನ ಬಾಡಿ ಬಿಚ್ಚಿ ಮೋಟಾರನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಾಡಿ ಕೆಳಗಿನ ಸ್ಕ್ರೂಗಳಲ್ಲೋ ಪಕ್ಕದ ಕ್ಲಿಪ್ಪುಗಳಲ್ಲೋ ನಿಂತಿರುತ್ತದೆ. ಬರಲಿಲ್ಲವೆಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದರ್ಥ, ಎಳೆಯಬೇಡಿ. ಬಿಚ್ಚುವಾಗ ಹಂತಹಂತಕ್ಕೂ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಚಕ್ರ ತಿರುಗಿಸಲು ಹೋಗಿ, ಜಾಮ್ ಆಗಿದೆ ಎಂದುಕೊಳ್ಳುತ್ತಾರೆ. ವರ್ಮ್ ಗೇರ್ (ಮೋಟಾರಿನ ಅಚ್ಚಿನ ಮೇಲಿರುವ ಸ್ಕ್ರೂ ಆಕಾರದ ಗೇರ್) ಇರುವ ಎಂಜಿನ್ನಿನಲ್ಲಿ ಚಕ್ರದ ಕಡೆಯಿಂದ ತಿರುಗಿಸಲು ಆಗುವುದೇ ಇಲ್ಲ. ಮೋಟಾರಿನ ಅಚ್ಚನ್ನೋ ಫ್ಲೈವೀಲನ್ನೋ ಬೆರಳಿನಿಂದ ತಿರುಗಿಸಬೇಕು.

ಬಿಗಿಯಾಗಿ ತಿರುಗಿದರೆ ಗ್ರೀಸಿನದೇ ತಪ್ಪು. ಗೇರಿನ ಮುಚ್ಚಳ ತೆಗೆದು ಹಳೆಯ ಗ್ರೀಸನ್ನು ಹಲ್ಲುಕಡ್ಡಿಯಿಂದ ಕೆರೆದು, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಬಿಡಿಯಾಗಿ ಬರುವ ಪ್ಲಾಸ್ಟಿಕ್ ಗೇರುಗಳನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹೊಸ ಗ್ರೀಸು ವರ್ಮಿಗೆ ಮಾತ್ರ, ಅದೂ ತೆಳ್ಳಗೆ. ಅಚ್ಚಿನ ತುದಿಗಳಿಗೂ ಮೋಟಾರಿನ ಎರಡು ಬೇರಿಂಗಿಗೂ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆ, ಸೂಜಿಮೊನೆಯಲ್ಲಿ ನಿಲ್ಲುವಷ್ಟು. ಎಣ್ಣೆ ಹೆಚ್ಚಾದರೆ ಹರಿದು ಕಮ್ಯುಟೇಟರಿಗೆ (ಇದ್ದಿಲ ಬ್ರಷ್‌ಗಳು ಒತ್ತಿಕೊಂಡಿರುವ, ಮೋಟಾರಿನೊಳಗಿನ ತಾಮ್ರದ ಭಾಗಕ್ಕೆ) ಬರುತ್ತದೆ, ಬ್ರಷ್ಷಿನ ಇದ್ದಿಲ ಪುಡಿಯೊಂದಿಗೆ ಬೆರೆತು ಕಪ್ಪು ಕೆಸರಾಗುತ್ತದೆ, ಮೋಟಾರು ಮತ್ತೆ ನಿಧಾನವಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಒಳಗೆ ಸಿಂಪಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಕಮ್ಯುಟೇಟರ್ ಕಣ್ಣಿಗೆ ಕಾಣುವ ಹಳೆಯ ತೆರೆದ ಮೋಟಾರುಗಳಲ್ಲಿ ಅದರ ತಾಮ್ರವನ್ನು ಆಲ್ಕೋಹಾಲಿನಿಂದ ಒರೆಸಿ, ಸಂದುಗಳಲ್ಲಿ ತುಂಬಿದ ಕರಿಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಬ್ರಷ್ ಸವೆದು ಗಿಡ್ಡವಾಗಿದ್ದರೆ ಬದಲಿಸಿ. ಟ್ರೈಆಂಗ್ ಹಾರ್ನ್‌ಬಿಯ ಎಕ್ಸ್‌04 ಮೋಟಾರಿನಲ್ಲಿ ಬ್ರಷ್ ಒತ್ತುವ ಸ್ಪ್ರಿಂಗಿನ ಒಂದು ಕಾಲಿಗೆ ಮಾತ್ರ ಸಣ್ಣ ಇನ್ಸುಲೇಶನ್ ಕೊಳವೆ ಇರುತ್ತದೆ. ಅದು ಜಾರಿದ್ದರೆ ನೇರ ಶಾರ್ಟ್. ಅಂಥ ಮೋಟಾರಿನ ಅಯಸ್ಕಾಂತವನ್ನು ಮಾತ್ರ ಹೊರಗೆ ತೆಗೆಯಬೇಡಿ. ಹಳೆಯ ಅಯಸ್ಕಾಂತಗಳು ಚೌಕಟ್ಟಿನಿಂದ ಬೇರ್ಪಟ್ಟರೆ ಬಲ ಕಳೆದುಕೊಳ್ಳುತ್ತವೆ, ಆಮೇಲೆ ಎಂಜಿನ್ ಹೆಚ್ಚು ಕರೆಂಟು ಎಳೆದು ಕಡಿಮೆ ಕೆಲಸ ಮಾಡುತ್ತದೆ.

ಇನ್ನು ಚಕ್ರ. ಹಳಿಗೆ ತಾಗುವ ಭಾಗದಲ್ಲಿ ಕಪ್ಪು ಪದರ ಕಟ್ಟಿರುತ್ತದೆ. ಪೇಪರ್ ಟವಲ್ಲನ್ನು ಎರಡೂ ಹಳಿಗಳ ಮೇಲೆ ಅಡ್ಡಹಾಸಿ ಆಲ್ಕೋಹಾಲ್ ಹನಿಸಿ, ಎಂಜಿನ್ನಿನ ಒಂದು ತುದಿಯ ಚಕ್ರಗಳು ಟವಲಿನ ಮೇಲೂ ಇನ್ನೊಂದು ತುದಿಯವು ಬರಿ ಹಳಿಯ ಮೇಲೂ ಇರುವಂತೆ ಹಿಡಿದು ಓಡಿಸಿ. ಟವಲಿನಲ್ಲಿ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೆ ಜಾಗ ಬದಲಿಸುತ್ತಿರಿ, ಆಮೇಲೆ ಎಂಜಿನ್ ತಿರುಗಿಸಿಟ್ಟು ಇನ್ನೊಂದು ತುದಿ. ಸುತ್ತಲೂ ಗಾಳಿಯಾಡಲಿ, ಕಿಡಿ ಬೇಡ: ಆಲ್ಕೋಹಾಲ್ ಹತ್ತಿಕೊಳ್ಳುವಂಥದ್ದು, ಹಾಗಾಗಿ ಹಳಿಯ ಮೇಲೆ ಹೊಳೆಯುವಷ್ಟು ಸುರಿಯಬೇಡಿ. ಚಕ್ರದ ಬೆನ್ನಿಗೆ ಒತ್ತಿಕೊಳ್ಳುವ ತೆಳ್ಳನೆಯ ಲೋಹದ ಎಲೆಗಳನ್ನೂ ನೋಡಿ, ಅವೇ ಕರೆಂಟು ತರುವುದು. ಒಂದು ಎಲೆ ಹಿಂದಕ್ಕೆ ಬಾಗಿದ್ದರೂ ಎಂಜಿನ್ ತಡೆತಡೆದು ಓಡುತ್ತದೆ. ಚಿಮುಟದಿಂದ ಸ್ವಲ್ಪ ಮುಂದಕ್ಕೆ ತನ್ನಿ. ತೀರ ಒತ್ತಿದರೆ ಅದೇ ಬ್ರೇಕ್ ಆಗುತ್ತದೆ.

ಹಳಿಗೆ ಸ್ಟೀಲ್ ವುಲ್ ತಾಗಿಸಬೇಡಿ. ಅದರ ಚೂರುಗಳು ನೇರ ಮೋಟಾರಿನ ಅಯಸ್ಕಾಂತಕ್ಕೆ ಹೋಗಿ ಅಂಟುತ್ತವೆ. ಒರಟು ಮರಳುಕಾಗದವೂ ಬೇಡ, ಗೀರುಗಳಲ್ಲಿ ಕೊಳೆ ಬೇಗ ಕೂರುತ್ತದೆ. ಹಳಿಗೆಂದೇ ಸಿಗುವ ರಬ್ಬರ್ ತುಂಡಿನಿಂದ ಉಜ್ಜಿ ಆಲ್ಕೋಹಾಲಿನಲ್ಲಿ ಒರೆಸಿದರೆ ಆಯಿತು. ತುಕ್ಕು ತಿಂದ ಉಕ್ಕಿನ ಹಳಿಯನ್ನು ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ನಿಕಲ್ ಸಿಲ್ವರ್ ಹಳಿ ಕೊಳ್ಳುವುದು ಲೇಸು. ಒಂದೇ ಜಾಗದಲ್ಲಿ ಎಂಜಿನ್ ಮಂದವಾದರೆ ಅಲ್ಲಿ ಹಳಿಯ ತುಂಡುಗಳನ್ನು ಜೋಡಿಸುವ ಕೀಲುಪಟ್ಟಿ ಸಡಿಲವಾಗಿದೆ. ತೆಗೆದು ಇಕ್ಕಳದಿಂದ ಮೆಲ್ಲಗೆ ಅದುಮಿ ಹಾಕಿ. ದೊಡ್ಡ ಸುತ್ತಾದರೆ ಎದುರು ಬದಿಯಲ್ಲೂ ಒಂದು ಜೋಡಿ ವೈರ್ ಕೊಡಿ, ಒಳಹಳಿಯ ವೈರ್ ಒಳಹಳಿಗೇ ಹೋಗಬೇಕು. ಕಾರ್ಪೆಟ್ಟಿನ ಮೇಲಂತೂ ಹಳಿ ಹಾಸಬೇಡಿ, ನೂಲೆಲ್ಲ ಅಚ್ಚಿಗೆ ಸುತ್ತಿಕೊಳ್ಳುತ್ತದೆ.

ಈಗ ನಾಬ್. ಬೋಗಿ ಕಟ್ಟದೆ, ಅರ್ಧ ವೇಗದಲ್ಲಿ, ಒಂದು ದಿಕ್ಕಿಗೆ ಇಪ್ಪತ್ತು ನಿಮಿಷ, ಇನ್ನೊಂದಕ್ಕೆ ಇಪ್ಪತ್ತು ನಿಮಿಷ. ನಡುನಡುವೆ ಮುಟ್ಟಿ ನೋಡಿ. ಬೆಚ್ಚಗಾದರೆ ಪರವಾಗಿಲ್ಲ, ಬೆರಳಿಡಲಾಗದಷ್ಟು ಬಿಸಿಯಾದರೆ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ನಾಬ್ ಅರ್ಧ ದಾಟುವವರೆಗೆ ಅಲುಗದೆ ಆಮೇಲೆ ಒಮ್ಮೆಲೇ ಹೊರಟರೆ, ಒಳಗೆ ಯಾರೋ ಡಿಸಿಸಿ ಡಿಕೋಡರ್ (ಡಿಜಿಟಲ್ ಆದೇಶ ಕೇಳಿ ಮೋಟಾರು ನಡೆಸುವ ಸಣ್ಣ ಸರ್ಕ್ಯೂಟ್) ಕೂರಿಸಿರಬಹುದು. ಅದಕ್ಕೆ ಏಳಲೇ ಒಂದಿಷ್ಟು ವೋಲ್ಟೇಜ್ ಬೇಕು. ಚಕ್ರ ಸುತ್ತು ಬರುವಾಗಲೆಲ್ಲ ಟಕ್ ಟಕ್ ಎಂದರೆ ಅಚ್ಚಿನ ಪ್ಲಾಸ್ಟಿಕ್ ಗೇರ್ ಸೀಳಿದೆ. ಅಂಟು ಹಾಕಿದರೆ ನಿಲ್ಲುವುದಿಲ್ಲ, ಬದಲಿ ಗೇರೇ ಬೇಕು. ಚಕ್ರ ತಿರುಗುತ್ತಿದ್ದರೂ ಬೋಗಿ ಎಳೆಯದಿದ್ದರೆ ಚಕ್ರಕ್ಕೆ ಸುತ್ತಿದ ರಬ್ಬರ್ ಪಟ್ಟಿ ಒಣಗಿ ಜಾರುತ್ತಿದೆ.

ಪಾಯಿಂಟಿನಲ್ಲಿ ಮಾತ್ರ ಹಳಿ ತಪ್ಪಿದರೆ ಚಕ್ರಗಳ ಬೆನ್ನಿನಿಂದ ಬೆನ್ನಿಗೆ ಅಳೆಯಿರಿ. 16.5 ಮಿ.ಮೀ. ಹಳಿಗೆ ಅದು ಸುಮಾರು 14.5 ಮಿ.ಮೀ. ಇರಬೇಕು, ಕಡಿಮೆಯಿದ್ದರೆ ಚಕ್ರವನ್ನು ಅಚ್ಚಿನ ಮೇಲೆ ತಿರುಚುತ್ತ ಹೊರಗೆಳೆಯಿರಿ. ಇನ್ನು ಎರಕದ ಚಾಸಿ ಉಬ್ಬಿ, ಬಿರುಕು ಬಿಟ್ಟು, ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅದು ಜಿಂಕ್ ಪೆಸ್ಟ್, ಎರಕದ ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದರಿಂದ ಬರುವ ರೋಗ. ಅದಕ್ಕೆ ಮದ್ದಿಲ್ಲ. ಮೋಟಾರು, ಚಕ್ರ, ಬಾಡಿ ಬಿಚ್ಚಿಟ್ಟುಕೊಂಡು ಅದೇ ಮಾದರಿಯ ಇನ್ನೊಂದು ಚಾಸಿ ಹುಡುಕಿ.